ವರ್ಷಗಟ್ಲೆ ನಿಂತಿರೋ ಮಾರುತಿ 800ನ ಮನೇಲೇ ಕಮ್ಮಿ ಖರ್ಚಲ್ಲಿ ರೆಡಿ ಮಾಡೋದು ಹೇಗೆ: ಯಾವ್ದು ಮೊದ್ಲು, ಯಾವ್ದು ಆಮೇಲೆ

ನಿಂತೋಗಿರೋ ಮಾರುತಿ 800 ತಗೊಂಡೋರು ಹೆಚ್ಚುಕಮ್ಮಿ ಎಲ್ರೂ ಒಂದೇ ಜಾಗದಲ್ಲಿ ಎಡವ್ತಾರೆ. ಹೊಸ ಬ್ಯಾಟರಿ ತಂದು ಹಾಕಿ, ಟ್ಯಾಂಕಿಗೆ ಎರಡು ಲೀಟರ್ ಪೆಟ್ರೋಲ್ ಸುರ್ದು ಸೆಲ್ಫ್ ಹೊಡೀತಾರೆ. ಒಂದ್ಸಲ ಸ್ಟಾರ್ಟ್ ಆಗುತ್ತೆ, ಎರಡು ನಿಮಿಷ ಓಡಿ ನಿಂತೋಗುತ್ತೆ, ಮತ್ತೆ ಏನು ಮಾಡಿದ್ರೂ ಇಲ್ಲ. ಆಮೇಲೆ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡೋದು) ಚೇಂಜ್ ಮಾಡು ಅಂತ ಒಬ್ರು, ಕಾರ್ಬೊರೇಟರ್ (ಪೆಟ್ರೋಲ್ ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋದು) ಹೊಸ್ದು ಹಾಕು ಅಂತ ಇನ್ನೊಬ್ರು. ಹೀಗೆ ಊಹೆ ಮೇಲೆ ಪಾರ್ಟ್ಸ್ ತಂದು ತಂದು ಕಾರಿನ ಬೆಲೆಗಿಂತ ಜಾಸ್ತಿ ದುಡ್ಡು ಹೋಗಿರುತ್ತೆ, ಕಾರು ಮಾತ್ರ ನಿಂತಲ್ಲೇ ಇರುತ್ತೆ. ಕೆಲಸ ಕಷ್ಟ ಅಂತಲ್ಲ, ಕ್ರಮ ತಪ್ಪಿರುತ್ತೆ ಅಷ್ಟೇ.

ಇಲ್ಲಿ ಬರೀತಿರೋದು 796 ಸಿಸಿ, ಮೂರು ಸಿಲಿಂಡರ್ ಇರೋ ಮಾರುತಿ 800 ಬಗ್ಗೆ, ಅದರಲ್ಲೂ ಕಾರ್ಬೊರೇಟರ್ ಮಾಡೆಲ್ ಬಗ್ಗೆ ಜಾಸ್ತಿ. 2000ದ ಆಸುಪಾಸಲ್ಲಿ ಬಂದ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಕೊಡೋ) ಮಾಡೆಲ್‌ಗೆ ಎಲ್ಲಿ ಬೇರೆ ಥರ ಮಾಡ್ಬೇಕೋ ಅಲ್ಲಲ್ಲೇ ಹೇಳಿದೀನಿ. ಬೇರೆ ಹಳೇ ಪೆಟ್ರೋಲ್ ಕಾರಿಗೂ ಕ್ರಮ ಇದೇ.

ಹಂತ 1: ಸ್ಪ್ಯಾನರ್ ಮುಟ್ಟೋ ಮುಂಚೆ ಕಾಗದ ಮತ್ತು ತುಕ್ಕು

ಮೊದ್ಲು ಆರ್‌ಸಿ. 800 ತಯಾರಿಕೆ ನಿಂತಿದ್ದೇ 2014ರಲ್ಲಿ, ಹಾಗಾಗಿ ಈಗ ಸಿಗೋ ಬಹುತೇಕ ಗಾಡಿಗಳು 15 ವರ್ಷ ದಾಟಿರ್ತವೆ, ಅಂದ್ರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ನೋಂದಣಿ ರಿನ್ಯೂವಲ್ ಆಗ್ಬೇಕು. 15 ವರ್ಷ ದಾಟಿದ ಕಾರಿಗೆ ರಿನ್ಯೂವಲ್ ಫೀ 5,000 ರೂಪಾಯಿ, 20 ವರ್ಷ ದಾಟಿದ್ರೆ 2025ರಿಂದ ಅದು 10,000 ಆಗಿದೆ. ಲೇಟ್ ಆದ ತಿಂಗಳಿಗೆ 500ರಂತೆ ದಂಡ ಬೇರೆ ಇದೆ, ರಾಜ್ಯದ ಹಸಿರು ತೆರಿಗೆ ಬೇರೆ. ಮೂರು ವರ್ಷ ಅವಧಿ ಮುಗಿದು ಬಿದ್ದಿರೋ ಗಾಡಿ ಆದ್ರೆ ಇದೇ ಒಂದು ದೊಡ್ಡ ಮೊತ್ತ ಆಗುತ್ತೆ. ನಿಮ್ಮ ಗಾಡಿ ನಂಬರ್ ಹೇಳಿ ಆರ್‌ಟಿಒದಲ್ಲಿ ಪೂರ್ತಿ ಲೆಕ್ಕ ಕೇಳ್ಕೊಂಡೇ ಮುಂದುವರೀರಿ. ಪರಿವಾಹನ್ ಸೈಟಲ್ಲಿ ನಂಬರ್ ಹಾಕಿ ಲೋನ್ ಬಾಕಿ ಇದ್ಯಾ, ಚಲನ್ ಇದ್ಯಾ, ಬ್ಲಾಕ್‌ಲಿಸ್ಟ್ ಆಗಿದ್ಯಾ ನೋಡಿ. ಹಳೇ ಓನರ್ ಕೈಲಿ ಗಾಡಿ ನಿಮ್ಮ ಹೆಸರಿಗೆ ಮಾಡ್ಸೋ ಫಾರ್ಮ್ 29, 30ಕ್ಕೆ ಸಹಿ ಹಾಕಿಸ್ಕೊಳ್ಳಿ, ಬೇರೆ ರಾಜ್ಯದ ಗಾಡಿ ಆದ್ರೆ ಫಾರ್ಮ್ 28ರ ಎನ್‌ಒಸಿ ಬೇಕು. ಬಾನೆಟ್ ತೆಗ್ದು ಚಾಸಿ ನಂಬರ್ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲ್ಸಿ. ಹೊಂದಲಿಲ್ಲ ಅಂದ್ರೆ ಆ ಗಾಡಿ ಪುಕ್ಕಟೆ ಕೊಟ್ರೂ ಬೇಡ.

ಎರಡನೇದು ತುಕ್ಕು. ಇಂಜಿನ್ ಹೋಗಿದ್ರೆ ರಿಪೇರಿ ಮಾಡ್ಬಹುದು, ಬಾಡಿ ಕೊಳ್ತಿದ್ರೆ ಕಮ್ಮಿ ಖರ್ಚಲ್ಲಿ ಆಗೋ ಕೆಲಸ ಅಲ್ಲ. ಮಂಗಳೂರು, ಉಡುಪಿ, ಕಾರವಾರ ಕಡೆ ಓಡಿದ ಗಾಡಿ ಆದ್ರೆ ಎರಡು ಪಟ್ಟು ಹುಷಾರಾಗಿ ನೋಡಿ. ಒಂದು ದಪ್ಪ ಸ್ಕ್ರೂಡ್ರೈವರ್ ತಗೊಂಡು ಈ ಜಾಗಗಳಲ್ಲಿ ಒತ್ತಿ ನೋಡಿ:

1. ಕಾರ್ಪೆಟ್ ಎತ್ತಿ ಡ್ರೈವರ್ ಕಾಲಡಿಯ ಫ್ಲೋರ್
2. ಎರಡೂ ಕಡೆ ರನ್ನಿಂಗ್ ಬೋರ್ಡ್, ಜಾಕ್ ಕೊಡೋ ಜಾಗ
3. ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರೋ ಜಾಗ
4. ಬ್ಯಾಟರಿ ಟ್ರೇ ಮತ್ತು ಅದರ ಕೆಳಗೆ
5. ಹಿಂದಿನ ಸಸ್ಪೆನ್ಷನ್ ಬಾಡಿಗೆ ಬೋಲ್ಟ್ ಆಗಿರೋ ಕಡೆ

ಫ್ಲೋರಲ್ಲಿ ಅಂಗೈ ಅಗಲ ತೂತಿದ್ರೆ ಪರವಾಗಿಲ್ಲ, ಟಿಂಕರಿಂಗ್‌ನೋರು ಶೀಟ್ ಹಾಕಿ ವೆಲ್ಡ್ ಮಾಡ್ತಾರೆ. ಮೂರನೇ ಮತ್ತು ಐದನೇ ಜಾಗದಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಯ್ತು ಅಂದ್ರೆ ಗಾಡಿ ಬಿಟ್ಬಿಡಿ, ಗುಜರಿಗೆ ಹಾಕೋದಾದ್ರೆ ನೋಂದಾಯಿತ ಸ್ಕ್ರ್ಯಾಪಿಂಗ್ ಸೆಂಟರ್‌ಗೇ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ. ಹೊಳೆಯೋ ಹೊಸ ಅಂಡರ್‌ಕೋಟಿಂಗ್ ಕಂಡ್ರೆ ಖುಷಿ ಪಡ್ಬೇಡಿ, ಮಾರೋಕೆ ಅಂತ ತುಕ್ಕಿನ ಮೇಲೇ ಬಳ್ದಿರೋ ಸಾಧ್ಯತೆ ಜಾಸ್ತಿ, ಅಲ್ಲೇ ಜಾಸ್ತಿ ಒತ್ತಿ ನೋಡಿ.

ಹಂತ 2: ಟೂಲ್ಸ್, ಮತ್ತೆ ಜೀವ ಉಳಿಸೋ ಸಾಮಾನು

8ರಿಂದ 19ರವರೆಗೆ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಪ್ಲಗ್ ಸ್ಪ್ಯಾನರ್, ಪ್ಲಯರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಣ್ಣ ಸಂದಿ ಅಳೆಯೋದು), ಒಂದು ಮಾಮೂಲಿ ಮಲ್ಟಿಮೀಟರ್, ತುಕ್ಕು ಬಿಡ್ಸೋ ಸ್ಪ್ರೇ, ಕಾರ್ಬ್ ಕ್ಲೀನರ್ ಸ್ಪ್ರೇ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಕೊಳ್ಳೋದು ಬೇಡ ಅಂದ್ರೆ ಪರಿಚಯದ ಗ್ಯಾರೇಜಿಂದ ಒಂದು ದಿನಕ್ಕೆ ಇಸ್ಕೊಳ್ಳಿ. ಬೋಲ್ಟ್ ಬಿಚ್ಚಿದ ಹಾಗೆಲ್ಲ ಮೊಬೈಲಲ್ಲಿ ಫೋಟೋ ತೆಗೀರಿ, ಒಂದೊಂದು ಕಡೆಯ ಬೋಲ್ಟ್ ಒಂದೊಂದು ಡಬ್ಬಿಗೆ ಹಾಕಿ ಹೆಸರು ಬರೀರಿ, ಹದಿನೈದು ದಿನ ಬಿಟ್ಟು ವಾಪಸ್ ಜೋಡಿಸೋವಾಗ ಯಾರ ನೆನಪೂ ಕೆಲಸ ಮಾಡಲ್ಲ.

ದುಡ್ಡು ಉಳಿಸಬಾರದ ಸಾಮಾನು ಎರಡಿವೆ. ಒಂದು ಜಾಕ್ ಸ್ಟ್ಯಾಂಡ್ ಜೋಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕ್ಬೇಡಿ, ಇಟ್ಟಿಗೆ ಅಥವಾ ಹಾಲೋ ಬ್ಲಾಕ್ ಜೋಡ್ಸಿಟ್ಟು ಅಂತೂ ಬೇಡವೇ ಬೇಡ, ಅವು ಬಿರುಕು ಬಿಟ್ಟು ಸೂಚನೆ ಕೊಡಲ್ಲ, ಒಂದೇ ಸಲ ಪುಡಿ ಆಗಿ ಕೂತ್ಬಿಡ್ತವೆ. ಸೈಜುಗಲ್ಲು ವೀಲ್‌ಗೆ ಅಡ್ಡ ಕೊಡೋಕೆ ಒಳ್ಳೇದು, ಅಷ್ಟಕ್ಕೇ ಇಟ್ಕೊಳ್ಳಿ. ಇನ್ನೊಂದು ಎಬಿಸಿ ಪೌಡರ್ ಇರೋ ಸಣ್ಣ ಫೈರ್ ಎಕ್ಸ್‌ಟಿಂಗ್ವಿಶರ್. ಪೆಟ್ರೋಲ್ ಬೆಂಕಿಗೆ ನೀರು ಹಾಕಿದ್ರೆ ಬೆಂಕಿ ನೀರಿನ ಜೊತೆ ತೇಲ್ಕೊಂಡು ಹರಡುತ್ತೆ.

ಹಂತ 3: ಹಳೇ ಪೆಟ್ರೋಲ್ ಪೂರ್ತಿ ಆಚೆ

ಮೇಲೆ ಹೇಳಿದ ಎರಡು ನಿಮಿಷ ಓಡಿ ನಿಲ್ಲೋ ಕಥೆ ಶುರು ಆಗೋದೇ ಇಲ್ಲಿ. ಟ್ಯಾಂಕ್ ತಳದಲ್ಲಿ ಕೂತಿರೋ ಗಸಿ ಮೇಲೆ ಹೊಸ ಪೆಟ್ರೋಲ್ ಬಿದ್ರೆ ಗಸಿ ಎದ್ದು ಲೈನಿಗೆ ಹೋಗಿ ಫಿಲ್ಟರ್ ಮತ್ತು ಜೆಟ್ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹೋಗೋ ಸಣ್ಣ ತೂತಿನ ಹಿತ್ತಾಳೆ ತುಂಡು) ಕಟ್ಟುತ್ತೆ. ಈಗಿನ ಪೆಟ್ರೋಲಲ್ಲಿ ಎಥನಾಲ್ ಬೇರೆ ಇದೆ, ಬಂಕಲ್ಲಿ ಸಿಗೋದು ಬಹುಪಾಲು ಇ20, ಅಂದ್ರೆ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ, ತುಂಬ ದಿನ ನಿಂತ್ರೆ ನೀರು ಎಥನಾಲ್ ಸೇರಿ ತಳದಲ್ಲಿ ಬೇರೆ ಪದರ ಆಗಿ ಕೂರುತ್ತೆ, ಪಂಪ್ ಎಳೆಯೋದು ತಳದಿಂದಲೇ. ಮಲೆನಾಡಿನ ಎರಡು ಮಳೆಗಾಲ ಶೆಡ್ಡಲ್ಲಿ ಕಳೆದ ಗಾಡಿ ಆದ್ರೆ ಟ್ಯಾಂಕಲ್ಲಿ ನೀರಿದೆ ಅಂತಲೇ ಅಂದ್ಕೊಳ್ಳಿ.

ಬ್ಯಾಟರಿ ಮೈನಸ್ ಬಿಚ್ಚಿ, ಗಾಡಿ ಬಯಲಲ್ಲಿರ್ಲಿ, ಹತ್ರ ಬೀಡಿ ಸಿಗರೇಟ್, ದೇವರ ದೀಪ, ಗ್ರೈಂಡರ್ ಯಾವ್ದೂ ಬೇಡ. ಟ್ಯಾಂಕ್ ಕೆಳಗೆ ಡ್ರೈನ್ ಬೋಲ್ಟ್ ಇದ್ರೆ ಅದ್ರಿಂದ, ಇಲ್ಲಾಂದ್ರೆ ಕೈ ಪಂಪ್ ಹಾಕಿ ತೆಗೀರಿ. ಬಾಯಲ್ಲಿ ಎಳೀಬೇಡಿ, ಪೆಟ್ರೋಲ್ ಶ್ವಾಸಕೋಶಕ್ಕೆ ಹೋದ್ರೆ ಆಸ್ಪತ್ರೆ ಗತಿ. ತೆಗೆದಿದ್ದನ್ನ ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ ಬೆಳಕಿಗೆ ಹಿಡಿದು ನೋಡಿ. ಟೀ ಡಿಕಾಕ್ಷನ್ ಬಣ್ಣ, ವಾರ್ನಿಷ್ ವಾಸನೆ, ತಳದಲ್ಲಿ ಕೆಂಪು ಪುಡಿ ಕಂಡ್ರೆ ಟ್ಯಾಂಕ್ ಇಳಿಸಿ ತೊಳೆಯೋದೇ ಸರಿ. ಟ್ಯಾಂಕ್ ತೂತಾಗಿದ್ರೆ ಮನೇಲಿ ವೆಲ್ಡಿಂಗ್ ಮಾಡಿಸ್ಬೇಡಿ, ಖಾಲಿ ಟ್ಯಾಂಕಲ್ಲಿ ಉಳಿದಿರೋ ಹಬೆ ಸಿಡಿಯೋಕೆ ಸಾಕು. ಗುಜರಿಯಲ್ಲಿ ಇನ್ನೊಂದು ಟ್ಯಾಂಕ್ ಸಿಗುತ್ತೆ.

ಟ್ಯಾಂಕಿಂದ ಕಾರ್ಬೊರೇಟರ್‌ವರೆಗೆ ರಬ್ಬರ್ ಹೋಸ್ ಎಲ್ಲಾ ಬಗ್ಗಿಸಿ ನೋಡಿ. ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕು ಕಂಡ್ರೆ, ಇಲ್ಲ ಮುಟ್ಟಿದ್ರೆ ಅಂಟಂಟು ಅನಿಸಿದ್ರೆ ಎಲ್ಲಾ ಬದಲಾಯಿಸಿ. ಹಳೇ ರಬ್ಬರ್ ಎಥನಾಲ್‌ಗೆ ತಡೆಯಲ್ಲ. ಫ್ಯುಯೆಲ್ ಹೋಸ್ ಅಂತ ಕೇಳಿಯೇ ತನ್ನಿ, ನೀರಿನ ಪೈಪ್ ಹಾಕಿರೋ ಗಾಡಿಗಳೂ ಇವೆ, ಅದು ಇಂಜಿನ್ ಮೇಲೆ ಬೆಂಕಿಗೆ ದಾರಿ. ಕ್ಲಿಪ್ ಹೊಸ್ದು, ಫ್ಯುಯೆಲ್ ಫಿಲ್ಟರ್ ಹೊಸ್ದು.

ಹಂತ 4: ಇಂಜಿನ್ ಕೈಯಲ್ಲಿ ತಿರುಗಿಸಿ ನೋಡೋದು

ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲಲ್ಲಿ ಪೆಟ್ರೋಲ್ ವಾಸನೆ ಇದ್ರೆ ಕಾರ್ಬೊರೇಟರ್ ಮಾಡೆಲಲ್ಲಿ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಒಳಗೆ ಇಳೀತಿರ್ಬಹುದು. ಅಂಥ ಆಯಿಲಲ್ಲಿ ಇಂಜಿನ್ ಓಡಿಸಿದ್ರೆ ಬೇರಿಂಗ್ ಹೋಗುತ್ತೆ. ಆಯಿಲ್ ಬೆಳ್ಳಗೆ ನೊರೆ ನೊರೆ ಇದ್ರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ಮಧ್ಯದ ಸೀಲ್) ಕಡೆ ಅನುಮಾನ ಇಟ್ಕೊಳ್ಳಿ. ಹೇಗಿದ್ರೂ ಹಳೇ ಆಯಿಲ್ ಇಳಿಸಿ ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ. ಕಾರ್ಬೊರೇಟರ್ 800ಗೆ 20ಡಬ್ಲ್ಯೂ-40 ಸಾಕು, ಹೆಚ್ಚುಕಮ್ಮಿ 3 ಲೀಟರ್ ಒಳಗೇ ಹಿಡಿಯುತ್ತೆ, ಡಿಪ್‌ಸ್ಟಿಕ್ ನೋಡ್ತಾ ಹಾಕಿ. ಈಗ ದುಬಾರಿ ಸಿಂಥೆಟಿಕ್ ಹಾಕ್ಬೇಡಿ, ಇದನ್ನ ಹೇಗಿದ್ರೂ 500 ಕಿಲೋಮೀಟರ್ ಓಡಿಸಿ ಮತ್ತೆ ಇಳಿಸ್ಬೇಕು.

ಮೂರೂ ಪ್ಲಗ್ ಬಿಚ್ಚಿ, ಬಿಚ್ಚೋ ಮುಂಚೆ ಸುತ್ತ ಇರೋ ಧೂಳು ಊದಿ. ಪ್ರತಿ ತೂತಿಗೆ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮಾರನೇ ದಿನ ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಲ್ಲಿ ನಿಧಾನಕ್ಕೆ ತಿರುಗಿಸಿ. ಸಲೀಸಾಗಿ ಎರಡು ಪೂರ್ತಿ ಸುತ್ತು ಬಂದ್ರೆ ದೊಡ್ಡ ತಲೆನೋವು ಕಳೀತು. ಬರ್ತಿಲ್ಲ ಅಂದ್ರೆ ಉದ್ದ ಪೈಪ್ ಸಿಗಿಸಿ ಜಗ್ಬೇಡಿ, ಮತ್ತೆ ಆಯಿಲ್ ಬಿಟ್ಟು ಮೂರ್ನಾಲ್ಕು ದಿನ ಕಾಯಿರಿ, ಟಾಪ್ ಗೇರಲ್ಲಿಟ್ಟು ಗಾಡಿನ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಸೆಲ್ಫ್ ಹೊಡೆದು ಬಿಡ್ಸೋಕೆ ಹೋದ್ರೆ ಪಿಸ್ಟನ್ ರಿಂಗ್ ಮುರಿಯುತ್ತೆ, ಸೆಲ್ಫ್ ಮೋಟರೂ ಸುಡುತ್ತೆ. ಒಂದು ವಾರ ಆದ್ರೂ ಜಾಮ್ ಬಿಡ್ಲಿಲ್ಲ ಅಂದ್ರೆ ಹೆಡ್ ಇಳಿಸ್ಬೇಕು, ಆಗ ಬೋರ್ ಮಾಡ್ಸೋ ಖರ್ಚು ಮತ್ತು ಗುಜರಿ ಇಂಜಿನ್ ಖರ್ಚು ಎರಡೂ ಕೇಳಿ ಹೋಲ್ಸಿ ನೋಡಿ.

ಇದೇ ಹೊತ್ತಲ್ಲಿ ಏರ್ ಫಿಲ್ಟರ್ ಬಾಕ್ಸ್, ಹೀಟರ್ ಪೈಪ್, ಸೈಲೆನ್ಸರ್ ಬಾಯಿ ಎಲ್ಲಾ ಟಾರ್ಚ್ ಹಾಕಿ ನೋಡಿ. ಇಲಿ ಗೂಡು ಕಟ್ಟೋದು ಇಲ್ಲೇ. ಬಟ್ಟೆ ಚೂರು, ಭತ್ತದ ಹೊಟ್ಟು ಸಿಕ್ರೆ ಮುಂದಿನ ಹಂತದಲ್ಲಿ ವೈರಿಂಗ್ ಇನ್ನೂ ಹುಷಾರಾಗಿ ನೋಡ್ಬೇಕು ಅಂತ ಅರ್ಥ.

ಹಂತ 5: ವೈರಿಂಗ್, ಅರ್ಥ್, ಆಮೇಲೆ ಬ್ಯಾಟರಿ

ಹೊಸ ಬ್ಯಾಟರಿ ಈಗ್ಲೇ ತರ್ಬೇಡಿ. ಈ ಕೆಲಸ ಮುಗಿಯೋಕೆ ತಿಂಗಳುಗಟ್ಲೆ ಹಿಡೀಬಹುದು, ಅಷ್ಟರಲ್ಲಿ ಹೊಸ ಬ್ಯಾಟರಿ ಚಾರ್ಜ್ ಇಲ್ದೆ ಕೂತು ಹಾಳಾಗುತ್ತೆ. ಓಡೋ ಗಾಡಿಯ 12 ವೋಲ್ಟ್ ಬ್ಯಾಟರಿ ಎರವಲು ತಂದು ಪರೀಕ್ಷೆ ಮಾಡಿ. ಮಲ್ಟಿಮೀಟರಲ್ಲಿ 12.6 ವೋಲ್ಟ್ ಇದ್ರೆ ಫುಲ್ ಚಾರ್ಜ್, 12ಕ್ಕಿಂತ ಕೆಳಗೆ ಇದ್ರೆ ಖಾಲಿ.

ಮೊದ್ಲು ಇಲಿ ಕಡಿದಿರೋ ವೈರ್ ಹುಡುಕಿ, ಡ್ಯಾಶ್‌ಬೋರ್ಡ್ ಕೆಳಗೆ, ಸೀಟಿನ ಕೆಳಗೆ, ಇಂಜಿನ್ ಹಿಂದಿನ ಗೋಡೆ ಹತ್ರ. ತಾಮ್ರ ಕಾಣ್ತಿದ್ರೆ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ರೆ ಇಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಕೊಳ್ಳುತ್ತೆ. ಫ್ಯೂಸ್ ಹಾರ್ತಿದೆ ಅಂತ ದೊಡ್ಡ ಫ್ಯೂಸ್ ಅಥವಾ ಬೆಳ್ಳಿ ಕಾಗದ ಹಾಕೋದು ಗಾಡಿಗೆ ಬೆಂಕಿ ಇಡೋ ಕೆಲಸ. ಫ್ಯೂಸ್ ಹಾರ್ತಿದ್ರೆ ಎಲ್ಲೋ ವೈರ್ ಬಾಡಿಗೆ ತಾಗ್ತಿದೆ, ಅದನ್ನ ಹುಡುಕಿ.

ಸೆಲ್ಫ್ ಬರೀ ಟಕ್ ಟಕ್ ಅಂತಿದ್ರೆ ಎಲ್ರೂ ಸೆಲ್ಫ್ ಮೋಟರ್ ಬಿಚ್ತಾರೆ. ತಡೀರಿ. ಬ್ಯಾಟರಿ ಮೈನಸ್ಸಿಂದ ಬಾಡಿಗೆ ಮತ್ತು ಗೇರ್‌ಬಾಕ್ಸ್‌ಗೆ ಹೋಗೋ ಅರ್ಥ್ ವೈರ್ ಬಿಚ್ಚಿ, ಎರಡೂ ತುದಿ ಉಪ್ಪುಕಾಗದದಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಬೋಲ್ಟ್ ಬಿಗಿ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಎಷ್ಟೋ ಸಲ ಇಷ್ಟರಲ್ಲೇ ಸೆಲ್ಫ್ ಸರಿ ಹೋಗುತ್ತೆ. ಸೆಲ್ಫ್ ಹೊಡೆಯೋವಾಗ ಬ್ಯಾಟರಿ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮೇಲೆ ಅನುಮಾನ. ಹಾಗೆ ಬೀಳದೇನೇ ಸೆಲ್ಫ್ ಎಳೀತಿಲ್ಲ ಅಂದ್ರೆ ಆಗ ಮೋಟರ್ ಬಿಚ್ಚಿ.

ಹಂತ 6: ಕಂಪ್ರೆಷನ್ ಟೆಸ್ಟ್, ದುಡ್ಡು ಹಾಕ್ಬೇಕೋ ಬೇಡ್ವೋ ಅನ್ನೋದು ಇಲ್ಲಿ ತೀರ್ಮಾನ

ಇದನ್ನ ಬಿಟ್ಟು ಮುಂದೆ ಹೋಗೋರೇ ಜಾಸ್ತಿ, ಆಮೇಲೆ ಟ್ಯೂನಿಂಗ್ ಮಾಡಿಸಿ ಮಾಡಿಸಿ ಸುಸ್ತಾಗ್ತಾರೆ. ಮೂರೂ ಪ್ಲಗ್ ಆಚೆ ಇರ್ಲಿ, ಕಾಯಿಲ್ ಕನೆಕ್ಷನ್ ಬಿಚ್ಚಿರ್ಲಿ, ಎಂಪಿಎಫ್‌ಐ ಆದ್ರೆ ಪಂಪ್ ಫ್ಯೂಸೂ ತೆಗೀರಿ. ಮೊದ್ಲು ಗೇಜ್ ಹಾಕ್ದೆ ಹತ್ತು ಸೆಕೆಂಡ್ ಸೆಲ್ಫ್ ಹೊಡೀರಿ, ಆಯಿಲ್ ಲೈಟ್ ಆರ್ಬೇಕು, ಅಂದ್ರೆ ಆಯಿಲ್ ಪಂಪ್ ಎಳೀತಿದೆ. ತೂತಿಂದ ಹಿಂದಿನ ಆಯಿಲ್ ಚಿಮ್ಮುತ್ತೆ, ಮುಖ ಹತ್ರ ಇಡ್ಬೇಡಿ. ಆಮೇಲೆ ಒಂದೊಂದಾಗಿ ಗೇಜ್ ಹಾಕಿ, ಇನ್ನೊಬ್ರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕೊಂಡು ಐದಾರು ಸುತ್ತು ಸೆಲ್ಫ್ ಹೊಡೀಲಿ.

ಮೂರೂ 150 ಪಿಎಸ್‌ಐ ಮೇಲಿದ್ದು ಒಂದಕ್ಕೊಂದು 15ಕ್ಕಿಂತ ಜಾಸ್ತಿ ವ್ಯತ್ಯಾಸ ಇಲ್ಲ ಅಂದ್ರೆ ಇಂಜಿನ್ ಚೆನ್ನಾಗಿದೆ. ಒಂದು ಕಮ್ಮಿ ಇದ್ರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದ್ರೆ ರಿಂಗ್ ಸವೆದಿದೆ ಅಥವಾ ಅಂಟಿದೆ, ಏರ್ಲಿಲ್ಲ ಅಂದ್ರೆ ವಾಲ್ವ್ ಸರಿಯಾಗಿ ಕೂರ್ತಿಲ್ಲ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ರೆ ಹೆಡ್ ಗ್ಯಾಸ್ಕೆಟ್. ಅಂಟಿರೋ ರಿಂಗ್ ಸ್ವಲ್ಪ ದಿನ ಓಡಿದ ಮೇಲೆ ತಾನೇ ಬಿಡೋದುಂಟು, ಹಾಗಾಗಿ 110, 120 ಬಂದ್ರೆ ತಕ್ಷಣ ಇಂಜಿನ್ ಬಿಚ್ಚೋಕೆ ಹೋಗ್ಬೇಡಿ, ಸ್ಟಾರ್ಟ್ ಮಾಡಿ ಓಡಿಸಿದ ಮೇಲೆ ಮತ್ತೊಂದ್ಸಲ ಅಳೀರಿ.

ಹಂತ 7: ಕಾರ್ಬೊರೇಟರ್ ಮತ್ತು ಸ್ಪಾರ್ಕ್

ಕಾರ್ಬೊರೇಟರ್ ಇಳಿಸೋ ಮುಂಚೆ ಅದಕ್ಕೆ ಬಂದಿರೋ ಪ್ರತಿ ವ್ಯಾಕ್ಯೂಮ್ ಪೈಪಿಗೂ ಸಣ್ಣ ಟೇಪ್ ಸುತ್ತಿ ನಂಬರ್ ಬರೀರಿ. ಪೈಪ್ ಅದಲುಬದಲಾದ್ರೆ ಐಡಲಿಂಗ್ ಯಾವತ್ತೂ ಕೂರಲ್ಲ. ಮೇಲಿನ ಮುಚ್ಚಳ ಬಿಚ್ಚಿ ಫ್ಲೋಟ್ ಚೇಂಬರ್ (ಪೆಟ್ರೋಲ್ ನಿಲ್ಲೋ ಬಟ್ಟಲು) ನೋಡಿ. ನಿಂತ ಗಾಡಿ ಆದ್ರೆ ತಳದಲ್ಲಿ ಹಸಿರು ಮಿಶ್ರಿತ ಬಿಳೀ ಪುಡಿ, ಗೋಡೆಗೆ ಕಂದು ಬಣ್ಣದ ಅಂಟು ಇರುತ್ತೆ, ಫ್ಲೋಟ್ ಮೆಲ್ಲಗೆ ಎತ್ತಿದ್ರೆ ಅಂಟಿಂದ ಬಿಟ್ಕೊಂಡ ಸಣ್ಣ ಶಬ್ದ ಬರುತ್ತೆ. ಮೇನ್ ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದು ನೋಡಿ, ತೂತು ದುಂಡಗೆ ಬೆಳಕು ಕಾಣ್ಬೇಕು. ಅರ್ಧಚಂದ್ರ ಕಂಡ್ರೆ ಇನ್ನೂ ಕಟ್ಟಿದೆ. ಪೈಲಟ್ ಜೆಟ್ ತೂತು ಇನ್ನೂ ಚಿಕ್ಕದು, ಗಾಡಿ ಆಕ್ಸಿಲರೇಟರ್ ಕೊಟ್ರೆ ಓಡಿ, ಬಿಟ್ರೆ ಆಫ್ ಆಗೋದು ಬಹುತೇಕ ಇದು ಕಟ್ಟಿದ್ರಿಂದಲೇ.

ಜೆಟ್ ಕ್ಲೀನ್ ಮಾಡೋಕೆ ಪಿನ್ನು, ಸೂಜಿ, ವೈರ್ ಹಾಕ್ಬೇಡಿ. ಹಿತ್ತಾಳೆ ಮೆತ್ತಗಿರುತ್ತೆ, ತೂತು ಕೂದಲೆಳೆಯಷ್ಟು ದೊಡ್ಡದಾದ್ರೂ ಗಾಡಿ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತೆ, ಎಮಿಷನ್ ಟೆಸ್ಟಲ್ಲಿ ಫೇಲ್ ಆಗುತ್ತೆ. ಕಾರ್ಬ್ ಕ್ಲೀನರಲ್ಲಿ ನೆನೆಸಿಟ್ಟು, ಪಂಕ್ಚರ್ ಅಂಗಡಿ ಏರ್ ಹೊಡೆಸಿ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಮಿಕ್ಸ್ಚರ್ ಸ್ಕ್ರೂ ತೆಗೆಯೋ ಮುಂಚೆ ಅದು ಪೂರ್ತಿ ಒಳಗೆ ಹೋಗೋಕೆ ಎಷ್ಟು ಸುತ್ತು ಅಂತ ಎಣಿಸಿ ಬರ್ದಿಟ್ಕೊಳ್ಳಿ. ರಬ್ಬರ್, ಡಯಾಫ್ರಮ್ ಇರೋ ಭಾಗಕ್ಕೆ ಸ್ಪ್ರೇ ತಾಗ್ದೇ ಇರ್ಲಿ. ಜೋಡಿಸೋವಾಗ ಕಾರ್ಬೊರೇಟರ್ ಕಿಟ್ ತಂದು ಗ್ಯಾಸ್ಕೆಟ್, ನೀಡಲ್ ವಾಲ್ವ್ ಹೊಸ್ದು ಹಾಕಿ. ಹಳೇ ಗ್ಯಾಸ್ಕೆಟ್‌ಗೆ ಗಮ್ ಹಚ್ಚಿ ಕೂರಿಸಿದ್ರೆ ಆ ಗಮ್ಮೇ ಉದುರಿ ಜೆಟ್‌ಗೆ ಹೋಗುತ್ತೆ.

ಎಂಪಿಎಫ್‌ಐ ಇದ್ರೆ ಕೀ ಆನ್ ಮಾಡಿದಾಗ ಹಿಂದಿನ ಸೀಟ್ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅನ್ನೋ ಪಂಪ್ ಸದ್ದು ಬರ್ಬೇಕು. ಬರ್ಲಿಲ್ಲ ಅಂದ್ರೆ ಮೊದ್ಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಪಂಪ್. ಇಂಜೆಕ್ಟರ್ ಅಲ್ಟ್ರಾಸಾನಿಕ್ ಕ್ಲೀನಿಂಗ್ ಹೊರಗೆ ಮಾಡಿಸೋದು ಒಳ್ಳೇದು.

ಸ್ಪಾರ್ಕ್ ನೋಡೋಕೆ ಪ್ಲಗ್ಗನ್ನ ಲೀಡ್‌ಗೆ (ಪ್ಲಗ್ ವೈರ್) ಸಿಕ್ಸಿ ಅದರ ಲೋಹ ಇಂಜಿನ್‌ಗೆ ತಾಗೋ ಹಾಗಿಟ್ಟು ಸೆಲ್ಫ್ ಹೊಡೆಸಿ, ಇನ್ಸುಲೇಷನ್ ಇರೋ ಪ್ಲಯರಲ್ಲಿ ಹಿಡ್ಕೊಳ್ಳಿ, ಹತ್ರ ಪೆಟ್ರೋಲ್ ತೆರೆದಿಡ್ಬೇಡಿ. ನೀಲಿ ಕಿಡಿ ಚಟ್ ಚಟ್ ಅಂದ್ರೆ ಸರಿ. ಹಳದಿ ಕೆಂಪು ಇದ್ರೆ ವೀಕ್. ಆಗ ಕಾಯಿಲ್‌ಗೆ ಓಡೋ ಬದಲು ಡಿಸ್ಟ್ರಿಬ್ಯೂಟರ್ (ಮೂರೂ ಪ್ಲಗ್‌ಗೆ ಕರೆಂಟ್ ಹಂಚೋದು) ಕ್ಯಾಪ್ ಬಿಚ್ಚಿ ಒಳಗೆ ತೇವ, ಬಿರುಕು, ಕಪ್ಪು ಗೆರೆ ನೋಡಿ, ರೋಟರ್ ತುದಿ ಉಜ್ಜಿ. ಲೀಡ್ ವಾಪಸ್ ಹಾಕೋವಾಗ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗೋ ಕ್ರಮ) 1-3-2, ಎರಡು ಲೀಡ್ ಅದಲುಬದಲಾದ್ರೆ ಕಾರ್ಬೊರೇಟರಲ್ಲೇ ಪಟಾಕಿ ಹೊಡ್ಯುತ್ತೆ.

ಹಂತ 8: ಮೊದಲ ಸ್ಟಾರ್ಟ್

ಗಾಡಿ ಬಯಲಲ್ಲೇ ಇರ್ಲಿ, ಮುಚ್ಚಿದ ಶೆಡ್ಡಲ್ಲಿ ಹೊಗೆ ಕೂತ್ರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ದೆ ಪ್ರಜ್ಞೆ ತಪ್ಪಿಸುತ್ತೆ. ರೇಡಿಯೇಟರ್‌ಗೆ ಸದ್ಯಕ್ಕೆ ಬರೀ ಶುದ್ಧ ನೀರು ಸಾಕು, ಎಲ್ಲಿ ಸೋರುತ್ತೆ ಅಂತ ಗೊತ್ತಾಗೋವರೆಗೂ ಕೂಲೆಂಟ್ ದಂಡ. ವೀಲ್‌ಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಚೋಕ್ ಎಳೆದು ಸೆಲ್ಫ್ ಹೊಡೀರಿ. ಒಂದ್ಸಲಕ್ಕೆ ಹತ್ತು ಸೆಕೆಂಡ್ ಮಾತ್ರ, ಮಧ್ಯ ಒಂದು ನಿಮಿಷ ಬಿಡಿ.

ಸ್ಟಾರ್ಟ್ ಆದ ತಕ್ಷಣ ರೇಸ್ ಮಾಡ್ಬೇಡಿ. ಆಯಿಲ್ ಲೈಟ್ ಐದಾರು ಸೆಕೆಂಡಲ್ಲಿ ಆರ್ಲಿಲ್ಲ ಅಂದ್ರೆ ಆಫ್ ಮಾಡಿ. ನಾವೇ ಬಿಟ್ಟ ಆಯಿಲ್ ಸುಡೋದ್ರಿಂದ ಮೊದಲ ಕೆಲವು ನಿಮಿಷ ನೀಲಿ ಹೊಗೆ ಬಂದೇ ಬರುತ್ತೆ, ಹೆದರ್ಬೇಡಿ. ಅರ್ಧ ಗಂಟೆ ಆದ್ರೂ ನೀಲಿ ನಿಲ್ಲಲಿಲ್ಲ ಅಂದ್ರೆ ಆಯಿಲ್ ಹೊಡೀತಿದೆ. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿ ಹೋಗ್ತಿರೋದು. ಬಿಸಿ ಆದ ಮೇಲೂ ದಟ್ಟ ಬಿಳೀ ಹೊಗೆ, ರೇಡಿಯೇಟರಲ್ಲಿ ಗುಳ್ಳೆ ಇದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಮುಂದೆ ಓಡಿಸ್ಬೇಡಿ. ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬಂದ್ರೆ ಆಲ್ಟರ್ನೇಟರ್ ಸರಿ ಇದೆ.

ಟೆಂಪರೇಚರ್ ಮುಳ್ಳು ಅರ್ಧ ದಾಟೋ ಹೊತ್ತಿಗೆ ಫ್ಯಾನ್ ಆನ್ ಆಗ್ಬೇಕು. ಆಗ್ತಿಲ್ಲ ಅಂದ್ರೆ ಇಂಜಿನ್ ಆಫ್ ಮಾಡಿ ಫ್ಯಾನ್ ಮೋಟರ್‌ಗೆ ನೇರ ಬ್ಯಾಟರಿ ಕೊಟ್ಟು ನೋಡಿ, ತಿರುಗಿದ್ರೆ ಫ್ಯಾನ್ ಸ್ವಿಚ್ ಕಡೆ ತೊಂದರೆ. ಬಿಸಿ ಇರೋವಾಗ ರೇಡಿಯೇಟರ್ ಕ್ಯಾಪ್ ಬಿಚ್ಚೋ ಧೈರ್ಯ ಯಾರೂ ಮಾಡ್ಬೇಡಿ.

ಇಷ್ಟು ಸರಿ ಬಂತು ಅಂದ್ರೆ, ಅಂದ್ರೆ ಇಂಜಿನ್ ಉಳಿಯುತ್ತೆ ಅಂತ ಖಾತ್ರಿ ಆದ ಮೇಲೆ, ಟೈಮಿಂಗ್ ಬೆಲ್ಟ್ ಬದಲಾಯಿಸಿ. ಕಿಲೋಮೀಟರ್ ಕಮ್ಮಿ ಓಡಿದೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ, ರಬ್ಬರ್ ವಯಸ್ಸಿಗೇ ಗಟ್ಟಿ ಆಗಿ ಹಲ್ಲು ಉದುರುತ್ತೆ. ಗುರುತು ಹೊಂದಿಸಿ ಹಾಕೋದು ಗೊತ್ತಿಲ್ಲ ಅಂದ್ರೆ ಇದೊಂದು ಕೆಲಸಕ್ಕೆ ಮೆಕ್ಯಾನಿಕ್ ಕರ್ಸಿ, ಆ ಕೂಲಿ ದಂಡ ಅಲ್ಲ. ವಾಟರ್ ಪಂಪಲ್ಲಿ ಸೋರಿದ ಕಲೆ ಇದ್ರೆ ಅದೂ ಆಗ್ಲೇ ಹೋಗ್ಲಿ.

ಹಂತ 9: ಬ್ರೇಕ್. ಇದು ಮುಗಿಯೋ ತನಕ ಗಾಡಿ ಒಂದು ಅಡಿ ಕದಲಬಾರದು

ಇಂಜಿನ್ ಸ್ಟಾರ್ಟ್ ಆದ ಖುಷೀಲಿ ಒಂದು ರೌಂಡ್ ಹೋಗಿ ಬರೋಣ ಅನ್ನಿಸುತ್ತೆ, ಅಪಘಾತ ಆಗೋದು ಅದೇ ರೌಂಡಲ್ಲಿ. ನಿಂತ ಗಾಡಿಯ ಬ್ರೇಕ್ ಪೆಡಲ್ ಒತ್ತಿದಾಗ ಗಟ್ಟಿ ಅನಿಸಿದ್ರೂ ನಂಬ್ಬೇಡಿ.

ಗಾಡಿ ಸ್ಟ್ಯಾಂಡ್ ಮೇಲೆ ಕೂರಿಸಿ ಒಂದ್ಸಲಕ್ಕೆ ಒಂದೇ ವೀಲ್ ಬಿಚ್ಚಿ, ಆಚೆ ಕಡೇದು ಹಾಗೇ ಇದ್ರೆ ಸ್ಪ್ರಿಂಗ್ ಯಾವ ಕಡೆ ಬರುತ್ತೆ ಅಂತ ನೋಡ್ಕೊಂಡು ಜೋಡಿಸ್ಬಹುದು. ಹಿಂದಿನ ಡ್ರಮ್ ಬರ್ತಿಲ್ಲ ಅಂದ್ರೆ ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿ, ಮರದ ಸುತ್ತಿಗೇಲಿ ಸುತ್ತ ತಟ್ತಾ ಬನ್ನಿ, ಕಬ್ಬಿಣದ ಸುತ್ತಿಗೆ ಅಂಚಿಗೆ ಬಿದ್ರೆ ಡ್ರಮ್ ಬಿರುಕು ಬಿಡುತ್ತೆ. ಕಾಟರ್ ಪಿನ್ ಬಿಚ್ಚಿದ್ರೆ ಹಳೇದನ್ನೇ ವಾಪಸ್ ಹಾಕ್ಬೇಡಿ. ಒಳಗಿನ ಧೂಳು ಏರ್ ಹೊಡೆದು ಹಾರಿಸ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ. ವೀಲ್ ಸಿಲಿಂಡರ್ ರಬ್ಬರ್ ಅಂಚು ಎತ್ತಿ ನೋಡಿ, ಒಳಗೆ ತೇವ ಕಂಡ್ರೆ ಸಿಲಿಂಡರ್ ಪೂರ್ತಿ ಬದಲಾಯಿಸಿ, ತುಕ್ಕು ಹಿಡಿದ ಸಿಲಿಂಡರ್‌ಗೆ ಹೊಸ ವಾಷರ್ ಹಾಕಿದ್ರೆ ತಿಂಗಳಲ್ಲಿ ಮತ್ತೆ ಸೋರುತ್ತೆ. ಆಯಿಲ್ ಕುಡಿದ ಲೈನರ್ ಎಷ್ಟು ಉಜ್ಜಿದ್ರೂ ಹಿಡಿಯಲ್ಲ, ಎರಡೂ ಕಡೆ ಜೋಡಿಯಾಗೇ ಹೊಸ್ದು ಹಾಕಿ.

ಮುಂದೆ ಡಿಸ್ಕ್ ಇರೋ ಮಾಡೆಲಲ್ಲಿ ಕ್ಯಾಲಿಪರ್ ಪಿಸ್ಟನ್ ಮತ್ತು ಪಿನ್ ಜಾಮ್ ಆಗಿರುತ್ತೆ. ಬಿಡಿಸಿ, ಬ್ರೇಕ್‌ಗೆ ಅಂತಲೇ ಬರೋ ಗ್ರೀಸ್ ಹಚ್ಚಿ, ಮಾಮೂಲಿ ಗ್ರೀಸ್ ರಬ್ಬರ್ ಊದಿಸುತ್ತೆ. ಪೆಡಲ್ ಬಿಟ್ರೂ ವೀಲ್ ಹಿಡ್ಕೊಂಡೇ ಇದ್ರೆ ಬ್ರೇಕ್ ಹೋಸ್ ಒಳಗೆ ಊದಿ ದಾರಿ ಮುಚ್ಚಿರ್ಬಹುದು, ಹೊರಗಿಂದ ಅದು ಚೆನ್ನಾಗೇ ಕಾಣುತ್ತೆ.

ಆಮೇಲೆ ಹಳೇ ಫ್ಲೂಯಿಡ್ ಪೂರ್ತಿ ತೆಗ್ದು ಡಾಟ್ 3 ಹಾಕಿ ಏರ್ ತೆಗೀರಿ. ಮಾಸ್ಟರ್ ಸಿಲಿಂಡರಿಂದ ದೂರ ಇರೋ ವೀಲಿಂದ ಶುರು ಮಾಡಿ:

1. ಮನೆಯೋರೊಬ್ರು ಪೆಡಲ್ ಮೂರ್ನಾಲ್ಕು ಸಲ ಒತ್ತಿ ಕೆಳಗೇ ಹಿಡ್ಕೊಳ್ಳಲಿ.
2. ನೀವು ನಿಪ್ಪಲ್ ಸಡಿಲಿಸಿ, ಅದಕ್ಕೆ ಹಾಕಿದ ಪೈಪಿನ ಇನ್ನೊಂದು ತುದಿ ಬಾಟಲಿಯ ಫ್ಲೂಯಿಡಲ್ಲಿ ಮುಳುಗಿರ್ಲಿ.
3. ನಿಪ್ಪಲ್ ಬಿಗಿ ಮಾಡಿದ್ಮೇಲೇ "ಬಿಡಿ" ಅನ್ನಿ. ಮೊದ್ಲೇ ಕಾಲು ತೆಗೆದ್ರೆ ಗಾಳಿ ವಾಪಸ್ ಒಳಗೆ.
4. ಗುಳ್ಳೆ ನಿಲ್ಲೋ ತನಕ ಮಾಡಿ, ಮೇಲಿನ ಡಬ್ಬಿ ಖಾಲಿ ಆಗೋಕೆ ಬಿಡ್ಬೇಡಿ.

ಕೊನೇಲಿ ಪೆಡಲ್ ಒತ್ತಿ ಒಂದು ನಿಮಿಷ ಹಾಗೇ ಹಿಡೀರಿ. ಎಲ್ಲೂ ಸೋರದೆ ಮೆಲ್ಲಗೆ ಕೆಳಗೆ ಇಳೀತಿದ್ರೆ ಮಾಸ್ಟರ್ ಸಿಲಿಂಡರ್ ಹೋಗಿದೆ.

ಟೈರ್ ವಿಷಯ ಚಿಕ್ಕದು. ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ, 2316 ಅಂದ್ರೆ 2016ರ 23ನೇ ವಾರ. ಹಲ್ಲು ಎಷ್ಟೇ ಇದ್ರೂ ಅಷ್ಟು ಹಳೇದು, ಪಕ್ಕದಲ್ಲಿ ಬಿರುಕು ಬಿಟ್ಟಿದ್ದು ಬೇಡ. 145/70 ಆರ್12 ಸೈಜ್ ದೊಡ್ಡ ಕಾರಿನ ಟೈರಿಗೆ ಹೋಲಿಸಿದ್ರೆ ಅಗ್ಗವೇ.

ಹಂತ 10: ಪಾರ್ಟ್ಸ್ ಎಲ್ಲಿ ಹಳೇದು, ಎಲ್ಲಿ ಹೊಸ್ದು

ಬೆಂಗಳೂರಲ್ಲಾದ್ರೆ ಹೊಸ ಪಾರ್ಟ್ಸ್‌ಗೆ ಜೆ.ಸಿ. ರೋಡ್, ಹಳೇದಕ್ಕೆ ಶಿವಾಜಿನಗರದ ಗುಜರಿ. ಹಳೇ ಪಾರ್ಟ್ ಬಿಚ್ಚಿ ಕೈಲಿ ಹಿಡ್ಕೊಂಡೇ ಹೋಗಿ, ಒಂದೇ 800ರಲ್ಲಿ ವರ್ಷದಿಂದ ವರ್ಷಕ್ಕೆ ಪಾರ್ಟ್ ಬದಲಾಗಿದೆ. ಡೋರ್, ಗಾಜು, ಲೈಟು, ಸೀಟು, ವೀಲ್ ರಿಮ್ಮು, ಆಲ್ಟರ್ನೇಟರ್, ಕಾರ್ಬೊರೇಟರ್ ಬಾಡಿ ಇವೆಲ್ಲ ಹಳೇದು ತಗೊಳ್ಳಿ, ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತೆ. ಬ್ರೇಕಿಂದು ಏನೇ ಇರ್ಲಿ, ಬೆಲ್ಟ್, ಹೋಸ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಹೊಸ್ದೇ, ಅದೂ ಒಳ್ಳೇ ಕಂಪನೀದೇ.

ಹಂತ 11: ಬಾಡಿ ಕೆಲಸ ಕೊನೇಗೆ

ಪೇಂಟ್ ಮೊದ್ಲು ಮಾಡಿಸಿ ಆಮೇಲೆ ಇಂಜಿನ್ ಇಳಿಸೋರಿದಾರೆ, ಬ್ರೇಕ್ ಫ್ಲೂಯಿಡ್ ಒಂದು ಹನಿ ಬಿದ್ರೆ ಆ ಪೇಂಟ್ ಎದ್ದು ಬರುತ್ತೆ. ಹಾಗಾಗಿ ಇದು ಈಗ. ತುಕ್ಕನ್ನ ವೈರ್ ಬ್ರಷ್, 80 ನಂಬರ್ ಪೇಪರಲ್ಲಿ ಲೋಹ ಕಾಣೋವರೆಗೂ ತೆಗೀರಿ, ಸಂದಿಯಲ್ಲಿ ಉಳಿದಿದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್ ಹೊಡೆದು, ಪಟ್ಟಿ (ತಗ್ಗು ತುಂಬೋ ಬಾಡಿ ಪುಟ್ಟಿ) ತೆಳ್ಳಗೆ 3 ಮಿಲಿಮೀಟರ್ ಒಳಗೇ ಇರ್ಲಿ. ತೂತಿಗೆ ಪೇಪರ್ ತುರುಕಿ ಮೇಲೆ ಪಟ್ಟಿ ಮೆತ್ತೋದು ಮುಂದಿನ ಮಳೆಗಾಲದವರೆಗೆ ಮಾತ್ರ. ಡೋರ್ ಕೆಳಗಿನ ನೀರು ಹೋಗೋ ತೂತು ಕಡ್ಡಿ ಹಾಕಿ ಬಿಡಿಸಿ, 800ರ ಡೋರ್ ಕೊಳೆಯೋದೇ ಅವು ಕಟ್ಟಿ. ಚಾಸಿ ನಂಬರ್ ಮೇಲೆ ಟೇಪ್ ಅಂಟಿಸದೆ ಪೇಂಟ್ ಹೊಡೀಬೇಡಿ. ಬಣ್ಣ ಆರ್‌ಸಿಯಲ್ಲಿರೋದೇ ಇರ್ಲಿ.

ಹಂತ 12: ಟ್ರಯಲ್ ಮತ್ತು ಎಫ್‌ಸಿ

ಕಾಂಪೌಂಡ್ ಒಳಗೆ ಅಥವಾ ಸ್ವಂತ ಜಾಗದಲ್ಲಿ ನಡಿಗೆ ವೇಗದಲ್ಲಿ ಬ್ರೇಕ್ ನೋಡಿ, ಎಳೆದ್ರೆ ಯಾವ ಕಡೆ ಎಳೀತಿದೆ ಗಮನಿಸಿ. ಕ್ಲಚ್ ಒತ್ತಿದ್ರೂ ಗೇರ್ ಬೀಳ್ತಿಲ್ಲ ಅಂದ್ರೆ ಕ್ಲಚ್ ಪ್ಲೇಟ್ ತುಕ್ಕಿಗೆ ಅಂಟಿದೆ, ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಪೆಡಲ್ ಒತ್ತಿ ಬಿಟ್ಟು ಮಾಡಿದ್ರೆ ಎಷ್ಟೋ ಸಲ ಬಿಡುತ್ತೆ. ಮೊದಲ ಓಟ ಆದ ಮೇಲೆ ವೀಲ್ ನಟ್ ಮತ್ತೆ ಬಿಗಿ ಮಾಡಿ, ಈಗ ನೀರು ಇಳಿಸಿ ಕೂಲೆಂಟ್ ತುಂಬಿಸಿ, ಹೊಸ ಬ್ಯಾಟರಿ ತರೋದೂ ಈಗ್ಲೇ.

ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟಿನ ಡಬ್ಬ ಬಿಚ್ಚಿ ಹಾಸಿ ಮಲಗಿ. ಬೆಳಗ್ಗೆ ಮುಂದೆ ಹಸಿರು ಕಲೆ ಇದ್ರೆ ಕೂಲೆಂಟ್, ಕಪ್ಪು ಇದ್ರೆ ಇಂಜಿನ್ ಆಯಿಲ್, ವೀಲ್ ಹತ್ರ ಜಿಡ್ಡುಜಿಡ್ಡು ಇದ್ರೆ ಬ್ರೇಕ್. ಕಲೆ ಏನೂ ಇಲ್ದೆ ಪೆಟ್ರೋಲ್ ವಾಸನೆ ಇದ್ರೆ ಅದು ಎಲ್ಲಕ್ಕಿಂತ ಅರ್ಜೆಂಟ್, ಹೋಸ್ ಕ್ಲಿಪ್ ಎಲ್ಲಾ ಮತ್ತೆ ನೋಡೋ ತನಕ ಕೀ ತಿರುಗಿಸ್ಬೇಡಿ.

ಇನ್ಶೂರೆನ್ಸ್ ಇಲ್ದೆ ಗೇಟ್ ಆಚೆ ತರ್ಬೇಡಿ, ಥರ್ಡ್ ಪಾರ್ಟಿ ಆದ್ರೂ ಸಾಕು. ಎಮಿಷನ್ ಟೆಸ್ಟ್‌ಗೆ ಇಂಜಿನ್ ಬಿಸಿ ಆದ ಮೇಲೆ ಹೋಗಿ, ತಣ್ಣಗಿದ್ದಾಗ ಚೋಕಲ್ಲಿ ಓಡ್ತಿದ್ರೆ ಫೇಲೇ. ಎಫ್‌ಸಿಗೆ ಹೋಗೋ ಹಿಂದಿನ ದಿನ ಎಲ್ಲಾ ಲೈಟು, ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್, ಸೀಟ್ ಬೆಲ್ಟ್ ಒಂದೊಂದಾಗಿ ನೋಡಿ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿರಿ. ಚಾಸಿ ನಂಬರ್ ಜಾಗ ಸೀಮೆಎಣ್ಣೆ ಬಟ್ಟೇಲಿ ಒರೆಸಿ ಅಕ್ಷರ ಸ್ಪಷ್ಟ ಕಾಣೋ ಹಾಗೆ ಮಾಡಿ, ಪೆನ್ಸಿಲ್ ಪ್ರಿಂಟ್ ಸರಿಯಾಗಿ ಬರ್ಲಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ಸರಿ ಇದ್ರೂ ಇನ್ನೊಂದು ದಿನ ಬನ್ನಿ ಅಂತಾರೆ.